ಮಕ್ಕಳ ಕೀಲಿನ ಕೀವು ಮತ್ತು ಶಬ್ದತರಂಗ ಪರೀಕ್ಷೆ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಕುಟುಂಬ ಕಲ್ಯಾಣದ ಸಭೆಯೆಂದೊಡನೆ ವೈದ್ಯರು ಹೆರಿಗೆ, ಲಸಿಕೆ, ಮಕ್ಕಳ ನಡುವಿನ ಅಂತರ ಇವುಗಳನ್ನು ಕುರಿತೇ ಮಾತನಾಡುತ್ತಾರೆಂದು ನೀವು ಎಣಿಸಿ ಬಂದಿರಬಹುದು. ಆ ವಿಷಯಗಳು ಮುಖ್ಯವಾದುವೇ. ಆದರೆ ಈ ದಿನ ನಾನು ಆರಿಸಿಕೊಂಡಿರುವ ವಿಷಯ ಬೇರೆ. ಹೆತ್ತು, ಕಾಲಕಾಲಕ್ಕೆ ಲಸಿಕೆ ಹಾಕಿಸಿ, ನೀವು ಹೊಟ್ಟೆ ಬಟ್ಟೆ ಕಟ್ಟಿ ಬೆಳೆಸಿದ ಮಗು ಮೂರೇ ದಿನಗಳ ವಿಳಂಬದಿಂದ ಜೀವಮಾನವೆಲ್ಲ ಕುಂಟುವಂತೆ ಮಾಡಬಲ್ಲ ಒಂದು ಕಾಯಿಲೆ ಇದೆ. ಅದು ಕೀಲಿನೊಳಗೆ ಕೀವು ತುಂಬಿಕೊಳ್ಳುವ ಕಾಯಿಲೆ. ಅದನ್ನು ಬೇಗನೆ ಕಂಡುಹಿಡಿಯಲು ವೈದ್ಯರಿಗೆ ನೆರವಾಗುವ ಒಂದು ಉಪಕರಣವೂ ಇದೆ. ಅದು ನಿಮಗೆ ಹೊಸದಲ್ಲ. ಗರ್ಭಿಣಿಯರ ಹೊಟ್ಟೆಯ ಮೇಲೆ ಆಡಿಸಿ ಮಗುವಿನ ಬೆಳವಣಿಗೆಯನ್ನು ನೋಡುವ ಸ್ಕ್ಯಾನಿಂಗ್ ಯಂತ್ರವೇ ಅದು.

ಈ ಯಂತ್ರದ ಹೆಸರೆತ್ತಿದರೆ ನಮ್ಮ ಹಳ್ಳಿಗಳಲ್ಲಿ ಬಸಿರಿನ ನೆನಪು ಮಾತ್ರ ಬರುತ್ತದೆ. ನಾಲ್ಕು ವರ್ಷದ ಹುಡುಗನ ಕಾಲಿಗೆ ಸ್ಕ್ಯಾನಿಂಗ್ ಮಾಡಿಸಬೇಕೆಂದು ನಾನು ಒಮ್ಮೆ ಹೇಳಿದಾಗ ಅವನ ಅಜ್ಜಿ, "ಗಂಡುಹುಡುಗನಿಗೆ ಎಂಥ ಸ್ಕ್ಯಾನಿಂಗಪ್ಪಾ?" ಎಂದು ನನ್ನನ್ನೇ ಗದರಿಸಿದರು. ಆ ಹುಡುಗನ ಸಂಗತಿಯಿಂದಲೇ ನನ್ನ ಮಾತನ್ನು ಆರಂಭಿಸುತ್ತೇನೆ.

ಒಂದು ಸೋಮವಾರ ಮಧ್ಯಾಹ್ನ ತಾಯಿಯೊಬ್ಬರು ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರು. ಹಿಂದಿನ ದಿನ ಹುಡುಗ ಅಂಗಳದಲ್ಲಿ ಬಿದ್ದಿದ್ದನಂತೆ. ಬೆಳಿಗ್ಗೆಯಿಂದ ಬಲಗಾಲನ್ನು ನೆಲಕ್ಕೆ ಊರಲೊಲ್ಲ. ಮೈ ತುಸು ಬಿಸಿಯಾಗಿತ್ತು. ಎಲ್ಲಿ ನೋಯುತ್ತದೆಂದು ಕೇಳಿದರೆ ಮಂಡಿಯನ್ನು ತೋರಿಸುತ್ತಿದ್ದ. ನಾನು ಮಂಡಿಯನ್ನು ಮುಟ್ಟಿ ಅದುಮಿ ನೋಡಿದೆ. ಊತವಿರಲಿಲ್ಲ, ಮಡಚಿದರೆ ಹೆಚ್ಚು ಅಳಲೂ ಇಲ್ಲ. ಬಿದ್ದುದರಿಂದ ಉಳುಕಿರಬೇಕೆಂದು ತಿಳಿದು ಜ್ವರಕ್ಕೂ ನೋವಿಗೂ ಪ್ಯಾರಸಿಟಮಾಲ್ ದ್ರವವನ್ನು ಕೊಟ್ಟು ಕಳುಹಿಸಿದೆ.

ಅದು ನನ್ನ ತಪ್ಪು. ಚಪ್ಪೆಯ ಕೀಲಿನಲ್ಲಿ, ಎಂದರೆ ತೊಡೆ ಸೊಂಟವನ್ನು ಸೇರುವ ಕೀಲಿನಲ್ಲಿ ತೊಂದರೆಯಾದಾಗ ಮಗುವಿಗೆ ಮಂಡಿಯಲ್ಲಿ ನೋವು ತೋರುವುದುಂಟು. ವೈದ್ಯ ವಿದ್ಯಾರ್ಥಿಗಳೆಲ್ಲರಿಗೂ ಇದನ್ನು ಕಲಿಸುತ್ತಾರೆ, ನನಗೂ ಕಲಿಸಿದ್ದರು. ಆ ದಿನ ಹೊರರೋಗಿಗಳ ಸಾಲು ಉದ್ದವಾಗಿತ್ತು. ಅದು ಕಾರಣವಾದೀತೇ ಹೊರತು ಸಮಾಧಾನವಾಗಲಾರದು. ಮಂಡಿಯನ್ನು ನೋಡಿದವನು ಚಪ್ಪೆಯನ್ನೂ ತಿರುಗಿಸಿ ನೋಡಬೇಕಾಗಿತ್ತು.

ಮಂಗಳವಾರ ನೋವು ಹೆಚ್ಚಾಯಿತು. ತಂದೆ ಕಬ್ಬು ಕಡಿಯುವ ಕೆಲಸಕ್ಕೆಂದು ಬೇರೆ ತಾಲ್ಲೂಕಿಗೆ ಹೋಗಿದ್ದರು. ಆತ ಬರುವವರೆಗೆ ಕಾಯೋಣವೆಂದು ಮನೆಯವರು ನಿಶ್ಚಯಿಸಿದರು. ಅಜ್ಜಿ ಊರಿನಲ್ಲಿ ಉಳುಕು ತೆಗೆಯುವವರನ್ನು ಕರೆಸಿ ಹರಳೆಣ್ಣೆ ಕಾಯಿಸಿ ಸೊಂಟದಿಂದ ಪಾದದವರೆಗೆ ನೀವಿಸಿದರು. ಮಗು ಚೀರಿತು, ನರ ಸಡಿಲವಾಗುತ್ತಿದೆಯೆಂದು ಎಲ್ಲರೂ ಭಾವಿಸಿದರು. ಬುಧವಾರ ಸಂಜೆ ಮತ್ತೆ ನನ್ನಲ್ಲಿಗೆ ತಂದಾಗ ಜ್ವರ 103 ಡಿಗ್ರಿ ಇತ್ತು. ಹುಡುಗ ತೊಡೆಯನ್ನು ಮಡಚಿ ಹೊರಕ್ಕೆ ಹೊರಳಿಸಿಕೊಂಡು ಮಲಗಿದ್ದ. ಬಟ್ಟೆ ಸರಿಪಡಿಸಲು ಕೈ ಚಾಚಿದರೂ ಅಳುತ್ತಿದ್ದ. ಈ ಸಲ ನನಗೆ ಸಂದೇಹ ಉಳಿಯಲಿಲ್ಲ. 108 ವಾಹನವನ್ನು ಕರೆಸಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದೆ. ಅಂದೇ ರಾತ್ರಿ ಸ್ಕ್ಯಾನಿಂಗ್ ಆಯಿತು. ಕೀಲಿನಲ್ಲಿ ದ್ರವ ತುಂಬಿತ್ತು. ಸೂಜಿ ಹಾಕಿ ತೆಗೆದಾಗ ಬಂದುದು ಕೀವು. ನಡುರಾತ್ರಿಯಲ್ಲಿ ಶಸ್ತ್ರಕ್ರಿಯೆ ಮಾಡಿ ಕೀಲನ್ನು ತೊಳೆದರು.

ಹುಡುಗ ಉಳಿದ, ನಡೆಯುತ್ತಾನೆ, ಓಡುತ್ತಾನೆ. ಆದರೆ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ ಬೆಳೆಯುತ್ತಿದೆ. ಈಗ ಒಂದೂವರೆ ಸೆಂಟಿಮೀಟರಿನಷ್ಟು ಅಂತರವಿದೆ. ಅಟ್ಟೆ ಎತ್ತರಿಸಿದ ಪಾದರಕ್ಷೆಯನ್ನು ತೊಡಿಸಿದ್ದೇವೆ.

ಎರಡು ದಿನಗಳಲ್ಲಿ ಇಷ್ಟೊಂದು ಹಾನಿ ಹೇಗಾಯಿತೆಂದು ನೀವು ಕೇಳಬಹುದು. ಅದನ್ನು ತಿಳಿಯಲು ಕೀಲಿನ ರಚನೆಯನ್ನು ಸ್ವಲ್ಪ ನೋಡಬೇಕು. ಎರಡು ಮೂಳೆಗಳು ಕೂಡುವ ಕಡೆ ಅವುಗಳ ತುದಿಗೆ ನುಣುಪಾದ ಬಿಳಿಯ ಪದರವೊಂದು ಹೊದೆದಿರುತ್ತದೆ. ಕೋಳಿಯ ತೊಡೆಯ ಮೂಳೆಯ ತುದಿಯಲ್ಲಿ ಇದನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಇದನ್ನು ಮೃದ್ವಸ್ಥಿಯೆಂದು ಕರೆಯುತ್ತಾರೆ. ಕೀಲಿನ ಸುತ್ತ ಗಟ್ಟಿಯಾದ ಚೀಲವಿದ್ದು, ಅದರ ಒಳಮೈಯ ತೆಳುಪೊರೆ ಎಣ್ಣೆಯಂತಹ ದ್ರವವನ್ನು ಒಸರಿಸಿ ಕೀಲು ಸಲೀಸಾಗಿ ಆಡುವಂತೆ ಮಾಡುತ್ತದೆ. ಈ ಪೊರೆಯಲ್ಲಿ ರಕ್ತನಾಳಗಳು ಹೇರಳ. ಮೈಮೇಲಿನ ಒಂದು ಕುರುವಿನಿಂದಲೋ, ಗಂಟಲಿನಿಂದಲೋ, ಕೆಲವು ಸಲ ಎಲ್ಲಿಂದ ಎಂದು ತಿಳಿಯದ ಹಾಗೆಯೋ ರಕ್ತವನ್ನು ಸೇರಿದ ರೋಗಾಣುಗಳು ಇಲ್ಲಿಗೆ ಬಂದು ನೆಲೆಸುತ್ತವೆ. ಹೆಚ್ಚಿನ ಸಂದರ್ಭಗಳಲ್ಲಿ ಕುರುವಿಗೆ ಕಾರಣವಾಗುವ ಸ್ಟ್ಯಾಫೈಲೊಕಾಕಸ್ ಎಂಬ ರೋಗಾಣುವೇ ಇಲ್ಲಿಯೂ ಅಪರಾಧಿ. ಅದನ್ನು ಎದುರಿಸಲು ರಕ್ತದ ಬಿಳಿಯ ಕಣಗಳು ಮುತ್ತುತ್ತವೆ. ಆ ಹೋರಾಟದಲ್ಲಿ ಕೀವಾಗುತ್ತದೆ. ಕೀವಿನಲ್ಲಿರುವ ಜೀರ್ಣರಸಗಳು ರೋಗಾಣುಗಳನ್ನಷ್ಟೇ ಅಲ್ಲದೆ ಮೃದ್ವಸ್ಥಿಯನ್ನೂ ತಿನ್ನತೊಡಗುತ್ತವೆ. ಚರ್ಮದ ಗಾಯದಂತೆ ಮೃದ್ವಸ್ಥಿ ಮತ್ತೆ ಕೂಡಿ ಬೆಳೆಯುವುದಿಲ್ಲ.

ಚಪ್ಪೆಯ ಕೀಲಿನಲ್ಲಿ ಇನ್ನೊಂದು ಅಪಾಯವೂ ಇದೆ. ತೊಡೆಮೂಳೆಯ ಗುಂಡಾದ ತಲೆಗೆ ರಕ್ತವನ್ನು ಒಯ್ಯುವ ಸಣ್ಣ ನಾಳಗಳು ಕೀಲಿನ ಚೀಲದೊಳಗಿನಿಂದಲೇ ಹಾದುಹೋಗುತ್ತವೆ. ಚೀಲ ಕೀವಿನಿಂದ ಬಿಗಿದುಕೊಂಡಾಗ ಅವು ಒತ್ತಿಹೋಗುತ್ತವೆ. ನೀರು ನಿಂತ ಪೈರಿನಂತೆ ಮೂಳೆಯ ತಲೆ ಒಣಗುತ್ತದೆ. ಎಳೆಯ ಮಕ್ಕಳಲ್ಲಿ ಮೂಳೆ ಬೆಳೆಯುವ ಭಾಗವೂ ಅಲ್ಲಿಯೇ ಇರುವುದರಿಂದ ಹಾನಿ ಪೂರ್ತಿ ಕಾಣಿಸಿಕೊಳ್ಳಲು ವರ್ಷಗಳೇ ಬೇಕಾಗಬಹುದು. ಆದುದರಿಂದ ಇದನ್ನು ವೈದ್ಯರು ಹಾವು ಕಡಿತದಂತೆಯೇ ತುರ್ತಿನ ಕಾಯಿಲೆಯೆಂದು ಎಣಿಸುತ್ತಾರೆ.

ಇನ್ನು ಯಂತ್ರದ ವಿಷಯ. ಹಲಸಿನ ಹಣ್ಣನ್ನು ಕೊಯ್ಯುವ ಮುನ್ನ ಬೆರಳಿನಿಂದ ತಟ್ಟಿ, ಬರುವ ಸದ್ದಿನಿಂದ ಬಲಿತಿದೆಯೇ ಇಲ್ಲವೇ ಎಂದು ನೀವು ಹೇಳಬಲ್ಲಿರಿ. ಕತ್ತಲೆಯ ಬಾವಿಗೆ ಕಲ್ಲೆಸೆದು ನೀರಿನ ಆಳವನ್ನು ಊಹಿಸಬಲ್ಲಿರಿ. ಸ್ಕ್ಯಾನಿಂಗ್ ಯಂತ್ರ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಅದು ಬಳಸುವ ಶಬ್ದ ಮಾತ್ರ ನಮ್ಮ ಕಿವಿಗೆ ಕೇಳುವಂಥದಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ಕೀಲನ್ನು ನೋಡಲು ಬಳಸುವ ಶಬ್ದತರಂಗಗಳ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ 70 ಲಕ್ಷದಿಂದ ಒಂದೂವರೆ ಕೋಟಿಯಷ್ಟಿರುತ್ತದೆ. ವೈದ್ಯರ ಕೈಯಲ್ಲಿರುವ ಹಿಡಿ ಈ ಶಬ್ದವನ್ನು ಮೈಯೊಳಗೆ ಕಳುಹಿಸಿ, ಹಿಂದಿರುಗುವ ಮಾರ್ದನಿಯನ್ನು ತಾನೇ ಕೇಳಿಸಿಕೊಳ್ಳುತ್ತದೆ. ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುತ್ತದೆಂದು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು. ಈ ಹಿಡಿಯ ಮೂಲ ಅಲ್ಲಿದೆ. ಗ್ಲಾಸ್ಗೋ ನಗರದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಮತ್ತು ಅವರ ಸಹೋದ್ಯೋಗಿಗಳು 1958ರಲ್ಲಿ ಹೊಟ್ಟೆಯೊಳಗಿನ ಗೆಡ್ಡೆಗಳ ಮತ್ತು ಗರ್ಭಸ್ಥ ಶಿಶುವಿನ ಶಬ್ದಚಿತ್ರಗಳನ್ನು ಪ್ರಕಟಿಸಿದರು. ಕೀಲುಗಳ ಸರದಿ ಬಂದುದು ತುಸು ತಡವಾಗಿ. 1972ರಲ್ಲಿ ಮಂಡಿಯ ಹಿಂದಣ ನೀರಿನ ಚೀಲವನ್ನೂ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಕಾಯಿಲೆಯನ್ನೂ ಬೇರೆ ಬೇರೆಯಾಗಿ ಗುರುತಿಸಲು ಇದನ್ನು ಬಳಸಿದರು.

ಪರದೆಯ ಮೇಲೆ ದ್ರವ ಕಪ್ಪಾಗಿ ಕಾಣುತ್ತದೆ. ಏಕೆಂದರೆ ಅದರಿಂದ ಮಾರ್ದನಿ ಬರುವುದಿಲ್ಲ. ಮೂಳೆಯ ಮೇಲ್ಮೈ ಬೆಳ್ಳನೆಯ ಗೆರೆಯಾಗಿ ಕಾಣುತ್ತದೆ. ಅದರ ಹಿಂದೆ ಬರಿಯ ನೆರಳು. ಹೀಗಾಗಿ ಕೀಲಿನಲ್ಲಿ ಸೇರಿದ ಸ್ವಲ್ಪ ದ್ರವವೂ ಬಿಳಿಯ ಗೆರೆಯ ಮೇಲೆ ಕಪ್ಪು ಪಟ್ಟಿಯಾಗಿ ಎದ್ದು ತೋರುತ್ತದೆ. ಮಂಡಿಯ ಊತವನ್ನು ಕಣ್ಣಿನಿಂದಲೇ ನೋಡಬಹುದು. ಚಪ್ಪೆಯ ಕೀಲಾದರೋ ಮಾಂಸಖಂಡಗಳ ಆಳದಲ್ಲಿದೆ; ಕಣ್ಣಿಗೂ ಕೈಗೂ ಅದು ಸಿಕ್ಕುವುದಿಲ್ಲ. ಆದುದರಿಂದಲೇ ಅಲ್ಲಿ ಈ ಯಂತ್ರದ ಉಪಕಾರ ಹೆಚ್ಚು. ಕ್ಷ-ಕಿರಣದ ಚಿತ್ರದಲ್ಲಿ ಮೊದಲ ದಿನಗಳ ಕೀವು ಬಹುಮಟ್ಟಿಗೆ ಕಾಣುವುದಿಲ್ಲ. ಮೂಳೆ ಸವೆದದ್ದು ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಆದರೂ ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಳ್ಳಲು ಅದನ್ನೂ ತೆಗೆಸುವುದುಂಟು.

ಪರೀಕ್ಷೆಯಿಂದ ಮಗುವಿಗೆ ನೋವಾಗುವುದಿಲ್ಲ. ಇದರಲ್ಲಿ ಕ್ಷ-ಕಿರಣವಿಲ್ಲ, ಪ್ರಜ್ಞೆ ತಪ್ಪಿಸುವ ಅಗತ್ಯವಿಲ್ಲ. ತಾಯಿ ಪಕ್ಕದಲ್ಲಿಯೇ ಇರಬಹುದು. ತೊಡೆಸಂದಿಯ ಮೇಲೆ ತಣ್ಣನೆಯ ಲೋಳೆಯನ್ನು ಹಚ್ಚಿ ಹಿಡಿಯನ್ನು ಮೆಲ್ಲನೆ ಇಟ್ಟು ನೋಡುತ್ತಾರೆ. ನೋಯುವ ಕಾಲನ್ನಷ್ಟೇ ಅಲ್ಲ, ಚೆನ್ನಾಗಿರುವ ಕಾಲನ್ನೂ ನೋಡುತ್ತಾರೆ. ಇದನ್ನು ಕಂಡು "ಡಾಕ್ಟರು ತಪ್ಪು ಕಾಲನ್ನು ನೋಡುತ್ತಿದ್ದಾರೆ" ಎಂದು ಗಾಬರಿಯಾದ ತಂದೆಯೊಬ್ಬರಿದ್ದರು. ಎರಡನ್ನೂ ಹೋಲಿಸಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ತೊಡೆಮೂಳೆಯ ಕತ್ತಿಗೂ ಕೀಲಿನ ಚೀಲಕ್ಕೂ ನಡುವಿನ ಅಂತರ 5 ಮಿಲಿಮೀಟರಿಗಿಂತ ಹೆಚ್ಚಿದ್ದರೆ, ಅಥವಾ ಎರಡು ಬದಿಗಳ ನಡುವೆ 2 ಮಿಲಿಮೀಟರಿನಷ್ಟು ವ್ಯತ್ಯಾಸವಿದ್ದರೆ ದ್ರವ ಸೇರಿದೆಯೆಂದು ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ. ಒಂದು ರಾಗಿ ಕಾಳಿನ ಗಾತ್ರದಷ್ಟೇ ವ್ಯತ್ಯಾಸ!

ಈಗ ನಾನು ಹೇಳಲಿರುವುದನ್ನು ದಯಮಾಡಿ ಗಮನವಿಟ್ಟು ಕೇಳಿ. ಕೀಲಿನಲ್ಲಿ ದ್ರವವಿದೆಯೆಂದು ಯಂತ್ರ ತೋರಿಸುತ್ತದೆ. ಆ ದ್ರವ ಕೀವೇ, ಬರಿಯ ನೀರೇ, ರಕ್ತವೇ ಎಂಬುದನ್ನು ಅದು ಖಚಿತವಾಗಿ ಹೇಳಲಾರದು. ಕೀವಿನಲ್ಲಿ ಕೆಲವು ಸಲ ಕಸದಂತೆ ತೇಲುವ ಚುಕ್ಕೆಗಳು ಕಾಣುತ್ತವೆ. ಎಷ್ಟೋ ಸಲ ಕಾಣುವುದಿಲ್ಲ. ಬಣ್ಣದಲ್ಲಿ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ವಿಧಾನದಲ್ಲಿ ಕೀಲಿನ ಪೊರೆ ಕೆಂಪೇರಿದ್ದು ತಿಳಿಯುತ್ತದೆ. ಆದರೆ ಬಣ್ಣ ಕಾಣದಿದ್ದ ಮಾತ್ರಕ್ಕೆ ಸೋಂಕಿಲ್ಲವೆನ್ನುವಂತಿಲ್ಲ. "ಸ್ಕ್ಯಾನಿಂಗ್‌ನಲ್ಲಿ ನೀರು ಮಾತ್ರ ಇದೆಯಂತೆ, ಗಾಬರಿಯಿಲ್ಲ" ಎಂದು ಮನೆಗೆ ಹಿಂದಿರುಗುವವರನ್ನು ನಾನು ಕಂಡಿದ್ದೇನೆ. ಆ ನೀರು ಎಂಥದೆಂದು ತಿಳಿಯುವವರೆಗೆ ಆಸ್ಪತ್ರೆಯನ್ನು ಬಿಟ್ಟು ಹೊರಡಕೂಡದು.

ಇದಕ್ಕೆ ಇನ್ನೊಂದು ಮಗುವಿನ ಉದಾಹರಣೆ ಕೊಡುತ್ತೇನೆ. ಹೋದ ವರ್ಷ ಆರು ವರ್ಷದ ಹುಡುಗಿಯೊಬ್ಬಳು ಬೆಳಿಗ್ಗೆ ಎದ್ದವಳೇ ಕುಂಟತೊಡಗಿದಳು. ಹಿಂದಿನ ವಾರ ಅವಳಿಗೆ ನೆಗಡಿಯಾಗಿತ್ತು. ಮೊದಲ ಮಗುವಿನಿಂದ ಪಾಠ ಕಲಿತಿದ್ದ ನಾನು ಚಪ್ಪೆಯನ್ನು ಪರೀಕ್ಷಿಸಿ, ಆ ದಿನವೇ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದೆ. ಸ್ಕ್ಯಾನಿಂಗ್‌ನಲ್ಲಿ ದ್ರವ ಕಂಡಿತು. ಪರದೆಯ ಮೇಲಣ ಚಿತ್ರ ಹುಡುಗನದರಂತೆಯೇ ಇತ್ತು. ಆದರೆ ಇವಳಿಗೆ ಜ್ವರವಿರಲಿಲ್ಲ, ನೋವಿನಲ್ಲಿಯೂ ನಾಲ್ಕು ಹೆಜ್ಜೆ ಇಡುತ್ತಿದ್ದಳು, ರಕ್ತಪರೀಕ್ಷೆಯೂ ಸರಿಯಾಗಿತ್ತು. ಇದು ನೆಗಡಿಯಂತಹ ಸಣ್ಣ ಕಾಯಿಲೆಗಳ ಅನಂತರ ಮೂರರಿಂದ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಬರುವ ತಾತ್ಕಾಲಿಕ ಉರಿಯೂತ. ಸೂಜಿ ಹಾಕುವ ಅಗತ್ಯ ಬೀಳಲಿಲ್ಲ. ಒಂದು ರಾತ್ರಿ ನಿಗಾ ಇಟ್ಟು, ನೋವಿನ ಔಷಧ ಕೊಟ್ಟು, ವಿಶ್ರಾಂತಿ ಹೇಳಿ ಕಳುಹಿಸಿದರು. ಜ್ವರ ಬಂದರೆ ಆ ಗಳಿಗೆಯಲ್ಲೇ ಬರಬೇಕೆಂದು ಎಚ್ಚರಿಸಿದರು. ಹತ್ತು ದಿನಗಳಲ್ಲಿ ಅವಳು ಕುಂಟಾಬಿಲ್ಲೆ ಆಡುತ್ತಿದ್ದಳು.

ಹಾಗಾದರೆ ವೈದ್ಯರು ಇವೆರಡನ್ನೂ ಹೇಗೆ ಬೇರ್ಪಡಿಸುತ್ತಾರೆ? ಅಮೆರಿಕದ ಬಾಸ್ಟನ್ ನಗರದ ವೈದ್ಯರು 1999ರಲ್ಲಿ ನಾಲ್ಕು ಚಿಹ್ನೆಗಳನ್ನು ಸೂಚಿಸಿದರು. ಮಗು ಕಾಲನ್ನು ಊರದಿರುವುದು, ಜ್ವರ 101 ಡಿಗ್ರಿಯನ್ನು ದಾಟಿರುವುದು, ರಕ್ತದ ಬಿಳಿಯ ಕಣಗಳು 12,000ಕ್ಕಿಂತ ಹೆಚ್ಚಿರುವುದು, ರಕ್ತಕಣಗಳು ಕೆಳಗಿಳಿಯುವ ವೇಗ ಗಂಟೆಗೆ 40 ಮಿಲಿಮೀಟರನ್ನು ಮೀರಿರುವುದು. ನಾಲ್ಕೂ ಕೂಡಿದರೆ ಕೀವಿರುವ ಸಂಭವ ಬಹಳ ಹೆಚ್ಚು. ಒಂದೂ ಇಲ್ಲದಿದ್ದರೆ ಬಹಳ ಕಡಿಮೆ. ನಡುವಿನ ಸ್ಥಿತಿಯಲ್ಲಿ ವೈದ್ಯರ ವಿವೇಚನೆ ಬೇಕು. ಈ ನಾಲ್ಕರಲ್ಲಿ ಮೊದಲಿನೆರಡನ್ನು ನೀವು ಮನೆಯಲ್ಲಿಯೇ ನೋಡಬಲ್ಲಿರಿ ಎಂಬುದು ಗಮನಿಸತಕ್ಕ ಸಂಗತಿ. ಅದಕ್ಕೆ ಯಂತ್ರವೂ ಬೇಡ, ಪದವಿಯೂ ಬೇಡ.

ಸಂಶಯ ಬಲವಾಗಿದ್ದಾಗ ಸ್ಕ್ಯಾನಿಂಗ್ ನೋಡುತ್ತಲೇ ಸೂಜಿಯನ್ನು ಕೀಲಿನೊಳಗೆ ಇಳಿಸಿ ದ್ರವವನ್ನು ತೆಗೆಯುತ್ತಾರೆ. ನೋವಾಗದಂತೆ ಮರವೆಯ ಮದ್ದು ಕೊಟ್ಟಿರುತ್ತಾರೆ. "ಸೂಜಿ ಹಾಕಿದ್ದರಿಂದಲೇ ಕಾಲು ಹೋಯಿತು" ಎಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಕಾಲನ್ನು ಕೆಡಿಸುವುದು ಒಳಗಿರುವ ಕೀವು. ಸೂಜಿ ಅದನ್ನು ಹೊರಗೆ ತೆಗೆಯುತ್ತದೆ. ತಡವಾಗಿ ಬಂದ ಮಕ್ಕಳಿಗೂ ಸೂಜಿ ಹಾಕಿರುತ್ತಾರಾದ್ದರಿಂದ ಜನ ಒಂದರ ತಪ್ಪನ್ನು ಇನ್ನೊಂದಕ್ಕೆ ಹೊರಿಸುತ್ತಾರೆ. ಕೀವು ಕಂಡರೆ ಶಸ್ತ್ರಕ್ರಿಯೆಯಿಂದ ಕೀಲನ್ನು ತೊಳೆಯುತ್ತಾರೆ. ರೋಗಾಣುನಾಶಕ ಔಷಧಗಳನ್ನು ಮೊದಲು ರಕ್ತನಾಳದ ಮೂಲಕ, ಅನಂತರ ಬಾಯಿಯ ಮೂಲಕ ಕೆಲವು ವಾರಗಳವರೆಗೆ ಕೊಡುತ್ತಾರೆ. ಮಗು ಆಡತೊಡಗಿತೆಂದು ಔಷಧವನ್ನು ಅರ್ಧದಲ್ಲಿ ನಿಲ್ಲಿಸಬೇಡಿ.

ಯಂತ್ರದ ಇನ್ನೂ ಒಂದು ಮಿತಿಯನ್ನು ಹೇಳಲೇಬೇಕು. ಕಾಯಿಲೆ ಆರಂಭವಾಗಿ ಒಂದು ದಿನವೂ ಆಗದಿರುವಾಗ ದ್ರವ ಇನ್ನೂ ಸೇರದೆ ಚಿತ್ರ ಸರಿಯಾಗಿಯೇ ಕಾಣಬಹುದು. ಮೂಳೆಯ ಒಳಗೇ ಕೀವಾಗಿದ್ದರೆ ಶಬ್ದ ಅಲ್ಲಿಗೆ ತಲಪುವುದಿಲ್ಲ, ಆಗ ಎಂ.ಆರ್.ಐ. ಎಂಬ ಬೇರೆ ಪರೀಕ್ಷೆ ಬೇಕಾಗುತ್ತದೆ. ಆದುದರಿಂದ ಸ್ಕ್ಯಾನಿಂಗ್ ಸರಿಯಾಗಿದೆಯೆಂದು ಹೇಳಿದ ಮೇಲೂ ಜ್ವರ ಇಳಿಯದೆ ಮಗು ಕಾಲೂರದೆ ಇದ್ದರೆ ಮರುದಿನ ಮತ್ತೆ ತೋರಿಸಿ. ಹಿಂದಿನ ಚೀಟಿಯನ್ನು ತಪ್ಪದೆ ತನ್ನಿ.

ಹಸುಗೂಸುಗಳ ವಿಷಯವನ್ನು ಬೇರೆಯಾಗಿ ಹೇಳುತ್ತೇನೆ. ಬಾಣಂತಿಯರೂ ಅವರ ಅತ್ತೆಯಂದಿರೂ ಇಲ್ಲಿ ಕುಳಿತಿದ್ದೀರಿ. ತಿಂಗಳ ಕೂಸಿಗೆ ಕೀಲಿನಲ್ಲಿ ಕೀವಾದರೆ ಜ್ವರ ಬಾರದೆಯೂ ಇರಬಹುದು. ಕೂಸು ಒಂದು ಕೈಯನ್ನೋ ಕಾಲನ್ನೋ ಆಡಿಸುವುದಿಲ್ಲ. ಲಕ್ವ ಹೊಡೆದಂತೆ ಅದು ಬಿದ್ದಿರುತ್ತದೆ. ಬಟ್ಟೆ ಬದಲಾಯಿಸುವಾಗ, ಎಣ್ಣೆ ಹಚ್ಚಿ ನೀರೆರೆಯುವಾಗ ವಿಪರೀತ ಅಳುತ್ತದೆ. ಮೊಲೆ ಕುಡಿಯುವುದು ಕಡಿಮೆಯಾಗುತ್ತದೆ. ಇಂತಹ ಕೂಸಿಗೆ ದೃಷ್ಟಿ ತೆಗೆದು, ಹೊಟ್ಟೆಯ ಮೇಲೆ ಬರೆ ಹಾಕಿಸಿ ಮೂರು ದಿನ ಕಳೆಯುವ ಮನೆಗಳು ಇಂದಿಗೂ ಇವೆ. ಬರೆಯ ಗಾಯದಿಂದಲೇ ರೋಗಾಣುಗಳು ರಕ್ತವನ್ನು ಸೇರುತ್ತವೆಂಬುದನ್ನು ಯೋಚಿಸಿ. ಹೊಕ್ಕುಳೂ ರೋಗಾಣುಗಳಿಗೆ ತೆರೆದ ಬಾಗಿಲು. ಹೊಕ್ಕುಳಿಗೆ ಬೂದಿ, ಅರಿಸಿನ, ಸಗಣಿ ಯಾವುದನ್ನೂ ಹಚ್ಚಬೇಡಿ; ಶುಭ್ರವಾಗಿ, ಒಣಗಿದಂತೆ ಇರಲು ಬಿಡಿ. ಹೊಕ್ಕುಳ ಸುತ್ತ ಕೆಂಪಾದರೆ, ಕೀವು ಒಸರಿದರೆ ಅಥವಾ ದುರ್ವಾಸನೆ ಬಂದರೆ ಕೂಡಲೇ ತೋರಿಸಿ. ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಕೂಸಿನ ಬಟ್ಟೆ ಬಿಚ್ಚಿ ಕೈಕಾಲುಗಳನ್ನೆಲ್ಲ ತೋರಿಸಿರಿ. ಬಂದವರಿಗೆ ಕಾಫಿ ಕೊಟ್ಟು ಬಾಗಿಲಿನಿಂದಲೇ ಕಳುಹಿಸುವ ಮರ್ಯಾದೆ ಇಲ್ಲಿ ಬೇಡ.

ದೊಡ್ಡವರ ಕೀಲುನೋವಿಗೂ ಈ ಪರೀಕ್ಷೆ ಉಪಯುಕ್ತ. ಮಧುಮೇಹ ಇರುವವರಲ್ಲಿ, ಮಂಡಿಗೆ ಚುಚ್ಚುಮದ್ದು ಹಾಕಿಸಿಕೊಂಡವರಲ್ಲಿ ಒಂದೇ ಕೀಲು ಥಟ್ಟನೆ ಊದಿ ಕೆಂಪಾದರೆ ಮಕ್ಕಳಷ್ಟೇ ತುರ್ತಾಗಿ ನೋಡಬೇಕು. ವಾರಗಟ್ಟಲೆ ಮೆಲ್ಲಮೆಲ್ಲನೆ ಊದುವ ಒಂದು ಕೀಲಿನಲ್ಲಿ ಕ್ಷಯರೋಗವಿರಬಹುದು. 2006ರಲ್ಲಿ ಚಿಕೂನ್‌ಗುನ್ಯ ಜ್ವರ ನಮ್ಮ ರಾಜ್ಯದಲ್ಲಿ ಲಕ್ಷಾಂತರ ಜನರ ಕೀಲುಗಳನ್ನು ಹಿಡಿದುದು ನಿಮಗೆ ನೆನಪಿರಬಹುದು, ಅಲ್ಲಿ ಕೀವಾಗುವುದಿಲ್ಲ.

ಆದರೆ ದಂಪತಿಗಳಾದ ನಿಮಗೆ ವಿಶೇಷವಾಗಿ ಹೇಳಬೇಕಾದುದು ಸಂಧಿವಾತದ ವಿಚಾರ. ಇದು ರೋಗಾಣುವಿನಿಂದ ಬರುವುದಲ್ಲ. ಮೈಯ ರಕ್ಷಣಾಶಕ್ತಿಯೇ ದಾರಿ ತಪ್ಪಿ ಕೀಲಿನ ಪೊರೆಯ ಮೇಲೆ ತಿರುಗಿಬೀಳುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳುಗಳು ಬಿಗಿದುಕೊಂಡಿರುತ್ತವೆ. ಅರ್ಧ ಗಂಟೆ, ಒಂದು ಗಂಟೆಯಾದರೂ ರೊಟ್ಟಿ ತಟ್ಟಲು ಆಗುವುದಿಲ್ಲ. ಬಸಿರಿನಲ್ಲಿ ಈ ನೋವು ಹಲವರಿಗೆ ಕಡಿಮೆಯಾಗಿ, ಹೆರಿಗೆಯ ಅನಂತರ ಮರುಕಳಿಸುತ್ತದೆ. ಮನೆಯವರು ಅದನ್ನು ಬಾಣಂತನದ ವಾಯುವೆಂದು ಕರೆದು ಸುಮ್ಮನಾಗುತ್ತಾರೆ, ಇಲ್ಲವೇ ಸೊಸೆಗೆ ಕೆಲಸ ಕಳ್ಳತನವೆನ್ನುತ್ತಾರೆ. ಶಬ್ದತರಂಗ ಪರೀಕ್ಷೆಯಲ್ಲಿ ಬೆರಳಿನ ಕೀಲಿನ ಪೊರೆ ದಪ್ಪವಾಗಿರುವುದೂ ಅದರಲ್ಲಿ ರಕ್ತಸಂಚಾರ ಹೆಚ್ಚಿರುವುದೂ, ಕ್ಷ-ಕಿರಣದಲ್ಲಿ ಏನೂ ಕಾಣದಿರುವ ಹಂತದಲ್ಲಿಯೇ ಕಾಣಬಹುದು. ಒಬ್ಬ ಗಂಡ ಪರದೆಯ ಮೇಲೆ ಹೆಂಡತಿಯ ಬೆರಳಿನ ಕೀಲಿನಲ್ಲಿ ಕೆಂಪು ಚುಕ್ಕೆಗಳು ಮಿನುಗುವುದನ್ನು ನೋಡಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹಾಗಾದರೆ ನಿಜವಾಗಿಯೂ ನೋಯುತ್ತಿತ್ತೇ?" ಎಂದು ಕೇಳಿದ. ಆಕೆ ಉತ್ತರ ಕೊಡಲಿಲ್ಲ.

ಈ ರೋಗಕ್ಕೆ ಸಾಮಾನ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಬಹಳ ಒಳ್ಳೆಯ ಔಷಧ. ಅದನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು. ದಿನವೂ ನುಂಗಿದರೆ ಪ್ರಾಣಕ್ಕೆ ಅಪಾಯ. ಅದು ಗರ್ಭಸ್ಥ ಶಿಶುವಿಗೂ ಹಾನಿಕರ. ಆದುದರಿಂದ ಅದನ್ನು ಸೇವಿಸುವ ಸ್ತ್ರೀಯರು ನಿರೋಧ, ವಂಕಿ ಅಥವಾ ವೈದ್ಯರು ಸೂಚಿಸಿದ ಇನ್ನೊಂದು ವಿಧಾನದಿಂದ ಬಸಿರನ್ನು ತಪ್ಪಿಸಲೇಬೇಕು. ಮಗು ಬೇಕೆನಿಸಿದಾಗ ದಂಪತಿಗಳಿಬ್ಬರೂ ಕೂಡಿ ವೈದ್ಯರಲ್ಲಿಗೆ ಬನ್ನಿ. ಕೆಲವು ತಿಂಗಳು ಮೊದಲೇ ಅದನ್ನು ನಿಲ್ಲಿಸಿ, ಬಸಿರಿನಲ್ಲಿ ನಡೆಯುವ ಬೇರೆ ಔಷಧಕ್ಕೆ ಬದಲಾಯಿಸುತ್ತಾರೆ. ಈಗಾಗಲೇ ಬಸಿರಾಗಿದ್ದರೆ ಹೆದರಿ ಮುಚ್ಚಿಡದೆ ಅಂದೇ ತಿಳಿಸಿ.

ಇದೇ ಯಂತ್ರ ಕಾಯಿದೆಗೂ ಒಳಪಟ್ಟಿದೆಯೆಂಬುದು ನಿಮಗೆ ಗೊತ್ತು. 1994ರ ಕಾಯಿದೆಯ ಪ್ರಕಾರ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ. ಯಂತ್ರವಿರುವ ಪ್ರತಿಯೊಂದು ಸ್ಥಳವೂ ನೋಂದಣಿಯಾಗಿರಬೇಕು. ಗೋಡೆಯ ಮೇಲೆ ಫಲಕವಿರಬೇಕು. ಮಗುವಿನ ಕೀಲಿನ ಪರೀಕ್ಷೆಗೆ ಬಂದ ತಂದೆಯೊಬ್ಬರು ಆ ಫಲಕವನ್ನು ಓದಿ, ತಾವು ಬರಬಾರದ ಕಡೆ ಬಂದೆವೆಂದು ಹೊರಗೆ ನಿಂತುಬಿಟ್ಟಿದ್ದರು. ಕೀಲಿನ ಪರೀಕ್ಷೆಗೆ ಯಾವ ಅಡ್ಡಿಯೂ ಇಲ್ಲ.

ಇನ್ನು ನೀವು ಮಾಡಬೇಕಾದುದನ್ನು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ. ಜ್ವರವಿರುವ ಮಗು ಕಾಲೂರದಿದ್ದರೆ, ಅಥವಾ ಕೈಯನ್ನೋ ಕಾಲನ್ನೋ ಮುಟ್ಟಗೊಡದಿದ್ದರೆ, ಆ ದಿನವೇ ಹೊರಡಿ. ನೀವಿಸಬೇಡಿ, ಶಾಖ ಕೊಡಬೇಡಿ, ಬಿಗಿದು ಪಟ್ಟು ಕಟ್ಟಿಸಬೇಡಿ. ಹಿಂದೆ ಉಳಿದ ಯಾವುದೋ ಸೀಸೆಯ ಔಷಧವನ್ನು ಕುಡಿಸಬೇಡಿ. ಅರೆಬರೆ ಔಷಧದಿಂದ ಜ್ವರ ತುಸು ಇಳಿದು ಕಾಯಿಲೆ ಮರೆಯಾಗುತ್ತದೆ, ಕೀವು ಹಾಗೆಯೇ ಉಳಿಯುತ್ತದೆ. ಜ್ವರ ಯಾವ ದಿನ, ಎಷ್ಟು ಹೊತ್ತಿಗೆ ಬಂತೆಂದು ನೆನಪಿಟ್ಟುಕೊಂಡು ಹೇಳಿ. ದೊಡ್ಡ ಆಸ್ಪತ್ರೆಗೆ ಹೊರಟಾಗ ದಾರಿಯಲ್ಲಿ ಮಗುವಿಗೆ ಏನು ಕೊಡಬಹುದೆಂದು ನಮ್ಮನ್ನು ಕೇಳಿ. ಶಸ್ತ್ರಕ್ರಿಯೆಗೆ ಮರವೆಯ ಮದ್ದು ಕೊಡಬೇಕಾದರೆ ಹೊಟ್ಟೆ ಖಾಲಿಯಿರಬೇಕಾಗುತ್ತದೆ. ಪಡಿತರ ಚೀಟಿ, ಆಧಾರ್ ಚೀಟಿಗಳನ್ನು ಒಂದೇ ಚೀಲದಲ್ಲಿ ಇಟ್ಟಿರಿ. ಅವು ಸಿಗಲಿಲ್ಲವೆಂದು ಹುಡುಕುತ್ತಾ ಹೊತ್ತು ಕಳೆಯಬೇಡಿ. ಆಮೇಲೆ ತಂದರೂ ಆಗುತ್ತದೆ.

ಸೋದರರೇ, ಕೂಲಿಗೆಂದು ನೀವು ಪರಸ್ಥಳಕ್ಕೆ ಹೋಗುವುದು ಅನಿವಾರ್ಯ. ಹೋಗುವ ಮುನ್ನ, "ಮಗುವಿಗೆ ಏನಾದರೂ ಆದರೆ ನನ್ನನ್ನು ಕಾಯಬೇಡ, ಆಸ್ಪತ್ರೆಗೆ ಹೋಗು" ಎಂದು ಹೆಂಡತಿಗೆ ಮನೆಯ ಹಿರಿಯರೆದುರಿನಲ್ಲಿಯೇ ಹೇಳಿ ಹೋಗಿ. ಖರ್ಚಿಗೆ ಸ್ವಲ್ಪ ಹಣವನ್ನೂ ಆಕೆಯ ಕೈಯಲ್ಲಿಯೇ ಕೊಟ್ಟಿರಿ. ನಾನು ಮೊದಲು ಹೇಳಿದ ಹುಡುಗನ ತಂದೆ ಈಗ ಕಬ್ಬಿನ ಕೆಲಸಕ್ಕೆ ಹೊರಡುವಾಗಲೆಲ್ಲ ಹೀಗೆಯೇ ಮಾಡುತ್ತಾರೆ. ಅವರಿಗೆ ಇನ್ನೂ ಇಬ್ಬರು ಚಿಕ್ಕ ಮಕ್ಕಳಿದ್ದಾರೆ.

ನಮ್ಮ ಕೇಂದ್ರದಲ್ಲಿ ಸ್ಕ್ಯಾನಿಂಗ್ ಯಂತ್ರವಿಲ್ಲ. ಆದರೂ ಮೊದಲು ಇಲ್ಲಿಗೆ ಬನ್ನಿ. ಎಲ್ಲಿ ಯಂತ್ರವಿದೆ, ಎಲ್ಲಿ ಶಸ್ತ್ರವೈದ್ಯರು ಸಿಗುತ್ತಾರೆಂದು ವಿಚಾರಿಸಿಯೇ ಕಳುಹಿಸುತ್ತೇವೆ. ನಡುರಾತ್ರಿಯಾದರೆ ನೇರವಾಗಿ 108ಕ್ಕೆ ಕರೆ ಮಾಡಿ. ಇನ್ನೇನಾದರೂ ಕೇಳುವುದಿದ್ದು ಈ ಸಭೆಯಲ್ಲಿ ಸಂಕೋಚವೆನಿಸಿದರೆ, ಗುರುವಾರ ಲಸಿಕೆಗೆ ಮಗುವನ್ನು ಕರೆತಂದಾಗ ಕೇಳಬಹುದು; ಆ ದಿನ ಮಧ್ಯಾಹ್ನದವರೆಗೆ ನಾನು ಅಲ್ಲಿಯೇ ಇರುತ್ತೇನೆ.